ಎರಡು ಹಿಮಗಳ ನಡುವಿನ ಬೀಜಕಣ

ನಾನು ಒಂದು ಬೀಜಕಣ. ನಿಮ್ಮ ತಲೆಗೂದಲೊಂದನ್ನು ಅಡ್ಡಕ್ಕೆ ಕತ್ತರಿಸಿ ಅದರ ತುದಿಯ ಮೇಲೆ ನನ್ನನ್ನು ಇಟ್ಟರೆ, ಪಕ್ಕದಲ್ಲಿ ನನ್ನಂಥ ಇನ್ನೊಬ್ಬರಿಗೂ ಜಾಗ ಉಳಿದೀತು. ಇಷ್ಟು ಸಣ್ಣದು ಏನು ಹೇಳೀತು ಎಂದು ನಿಮಗೆ ಅನ್ನಿಸಬಹುದು. ನಿಮಗಿಂತ ಮೊದಲೂ ಹಾಗೆ ಅಂದುಕೊಂಡವರಿದ್ದರು. ಅವರ ಸಂಗತಿಯನ್ನೂ ಹೇಳುತ್ತೇನೆ.

ನಾನು ಹುಟ್ಟಿದ್ದು ಸುಮಾರು ಇಪ್ಪತ್ತೊಂಬತ್ತು ಕೋಟಿ ವರ್ಷಗಳ ಹಿಂದೆ. ಆಗ ಭೂಮಿಯ ಮೇಲೆ ಹೂವು ಇರಲಿಲ್ಲ, ಹಕ್ಕಿ ಇರಲಿಲ್ಲ. ಇಂದು ಗೋದಾವರಿ ಹರಿಯುವ ನೆಲ ಆಗ ದಕ್ಷಿಣ ಧ್ರುವದ ಹತ್ತಿರದಲ್ಲಿತ್ತು. ಅದರ ಮೇಲೆ ಬೆಟ್ಟಗಳನ್ನೇ ಮುಚ್ಚುವಷ್ಟು ಹಿಮ ಕೂತಿತ್ತು. ಆ ಹಿಮ ಸುಮ್ಮನೆ ಕೂತಿರಲಿಲ್ಲ. ಬಂಡೆಗಳನ್ನು ಹೊಟ್ಟೆಯಡಿ ಹಾಕಿಕೊಂಡು ಅರೆಯುತ್ತ, ತೆವಳುತ್ತ ಹೋಗುತ್ತಿತ್ತು. ಒಂದು ಕಾಲಕ್ಕೆ ಹವೆ ಬೆಚ್ಚಗಾಯಿತು, ಹಿಮ ಹಿಂದೆ ಸರಿಯಿತು. ಅದು ಬಿಟ್ಟುಹೋದ ಗುಂಡುಗಲ್ಲುಗಳ ನಡುವೆ ಕರಗಿದ ನೀರು ನಿಂತು ಕೆರೆಯಾಯಿತು. ಆ ಕೆರೆಯ ದಂಡೆಯಲ್ಲಿ, ಇನ್ನೂ ಮಣ್ಣು ಎನ್ನಿಸಿಕೊಳ್ಳದ ಮರಳಿನಲ್ಲಿ, ಜರೀಗಿಡದಂಥ ಕುಳ್ಳ ಗಿಡವೊಂದು ಹಟ ಹಿಡಿದು ಬೇರೂರಿತು. ಅದು ನನ್ನ ತಾಯಿ.

ನಾವು ಹುಟ್ಟುವುದು ನಾಲ್ಕು ನಾಲ್ಕಾಗಿ, ಒಬ್ಬರಿಗೊಬ್ಬರು ಒತ್ತಿಕೊಂಡು. ಬಿಡಿಯಾಗಿ ಹೊರಬಿದ್ದಾಗ, ಒತ್ತಿಕೊಂಡಿದ್ದ ಜಾಗದಲ್ಲಿ ಮೂರು ಗೆರೆಯ ಗುರುತು ಉಳಿಯುತ್ತದೆ. ತಾಯಿ ನನಗೆ ಕೊಟ್ಟದ್ದು ಒಳಗೊಂದು ಹನಿ ಜೀವ, ಹೊರಗೊಂದು ಕವಚ. ಗಾಳಿ ನನ್ನನ್ನು ಎತ್ತಿಕೊಂಡು ಹೋಯಿತು. ನನಗೆ ಬೇಕಾಗಿದ್ದದ್ದು ಒಂದಿಷ್ಟು ಹಸಿ ನೆಲ. ಗಾಳಿ ನನ್ನನ್ನು ಕೆರೆಗೆ ಹಾಕಿತು. ನಾನು ಮುಳುಗಿದೆ. ತಳದ ಕೆಸರಿನಲ್ಲಿ ಒಳಗಿನ ಜೀವ ಆರಿಹೋಯಿತು. ಗಿಡವಾಗಬೇಕಿತ್ತು, ಆಗಲಿಲ್ಲ. ಇದನ್ನು ಸೋಲು ಎನ್ನುವವರು ಎನ್ನಲಿ. ಕವಚ ಉಳಿದಿತ್ತು. ಅಂದಿನಿಂದ ನಾನೆಂದರೆ ಈ ಕವಚವೇ.

ಆಮೇಲೆ ಹಿಮ ಮರಳಿ ಬಂತು. ನನ್ನ ತಾಯಿ ನಿಂತಿದ್ದ ದಂಡೆಯನ್ನೂ ಅಲ್ಲಿ ಉಳಿದಿದ್ದ ಗಿಡಗಳನ್ನೂ ಅರೆದು ಹಾಕಿತು. ಕೆರೆಯ ಮೇಲೆ ಬಂಡೆಗಳನ್ನು ಸುರಿಯಿತು. ಚೆಂಡಿನಂತಿದ್ದ ನಾನು ಒತ್ತಡಕ್ಕೆ ಚಪ್ಪಟೆಯಾದೆ, ಒಡೆಯಲಿಲ್ಲ. ಲಕ್ಷಗಟ್ಟಲೆ ವರ್ಷಗಳ ನಂತರ ಆ ಹಿಮವೂ ಹೋಯಿತು. ಮೇಲೆ ದೊಡ್ಡ ಕಾಡು ಬೆಳೆದು, ಬಿದ್ದು, ಹೂತು, ಕಲ್ಲಿದ್ದಲಾಯಿತು. ನೆಲದ ಬಿಸಿಗೆ ನಿಂಬೆಯ ಬಣ್ಣವಿದ್ದ ನನ್ನ ಮೈ ಬೆಲ್ಲದ ಬಣ್ಣಕ್ಕೆ ತಿರುಗಿತು. ನನ್ನ ಸುತ್ತಲಿನ ಕೆಸರು ಕಲ್ಲಾಯಿತು. ನೆಲವೇ ಜಾರುತ್ತ ಜಾರುತ್ತ ಸಮುದ್ರ ದಾಟಿ ಉತ್ತರಕ್ಕೆ ಬಂತು. ನಾನು ಹಾಗೇ ಇದ್ದೆ.

ಒಂದು ದಿನ ಬೋರಿಂಗ್ ಯಂತ್ರ ಬಂತು. ಅವರು ಹುಡುಕುತ್ತಿದ್ದದ್ದು ಕಲ್ಲಿದ್ದಲು. ಅದು ಸಿಕ್ಕಿತು. ಅದರ ಕೆಳಗೆ ಇನ್ನೇನಿದೆಯೋ ನೋಡೋಣವೆಂದು ಸ್ವಲ್ಪ ಆಳಕ್ಕೆ ಹೋದರು. ಗುಂಡುಗಲ್ಲು ತುಂಬಿದ ಗಟ್ಟಿ ಪದರ ಬಂತು, ನಡುವೆ ನಾಲ್ಕು ಬೆರಳು ದಪ್ಪದ ಕರಿ ಕೆಸರುಗಲ್ಲು ಬಂತು, ಮತ್ತೆ ಗುಂಡುಗಲ್ಲು ಬಂತು. ಅಲ್ಲಿಗೆ ನಿಲ್ಲಿಸಿದರು. ತೋಳಿನಷ್ಟು ದಪ್ಪದ ಉದ್ದನೆ ಕಲ್ಲಿನ ದಿಂಡುಗಳಾಗಿ ನಾವು ಮೇಲೆ ಬಂದೆವು. ಆ ಕರಿ ಪದರದೊಳಗೆ ನಾನಿದ್ದೆ. ಯಾರಿಗೂ ಬೇಡವಾದ ಕೆಳಗಿನ ದಿಂಡುಗಳನ್ನೂ ಮಾದರಿಗೆಂದು ಕಲ್ಲಿದ್ದಲಿನ ಒಂದು ದಿಂಡನ್ನೂ ಮರದ ಪೆಟ್ಟಿಗೆಗಳಲ್ಲಿ ತುಂಬಿ, ವಿದ್ಯಾರ್ಥಿಗಳು ನೋಡಲಿ ಎಂದು ಬೆಳವಲದ ಅಂಚಿನ ಒಂದು ಊರಿನ ವಿದ್ಯಾಲಯಕ್ಕೆ ಕಳಿಸಿಕೊಟ್ಟರು. ಅಲ್ಲಿ ಭೂಗರ್ಭಶಾಸ್ತ್ರ ವಿಭಾಗದ ಹಿಂದಿನ ಪಡಸಾಲೆಯಲ್ಲಿ ನಾವು ಹನ್ನೊಂದು ವರ್ಷ ಬಿದ್ದುಕೊಂಡಿದ್ದೆವು. ಪೆಟ್ಟಿಗೆಗಳ ಮೇಲೆ ಕುಳಿತು ಜನ ಚಹಾ ಕುಡಿಯುತ್ತಿದ್ದರು.

ಹನ್ನೊಂದನೆಯ ವರ್ಷ ಮಳೆಗಾಲಕ್ಕೆ ಮೊದಲು ವಿಭಾಗದ ಜವಾನ ದುರಗಪ್ಪ ಸುತ್ತಿಗೆ ಹಿಡಿದುಕೊಂಡು ಬಂದ. ನಮ್ಮ ಪೆಟ್ಟಿಗೆಯ ಮುಚ್ಚಳ ಕಿತ್ತ. ಒಂದು ದಿಂಡನ್ನು ನೆಲಕ್ಕಿಟ್ಟು ಹೊಡೆದ. ಅದೇ ಹೊತ್ತಿಗೆ ಒಳಗಿಂದ ಒಬ್ಬ ಹೆಂಗಸು ಓಡಿ ಬಂದಳು. ಅವಳೇ ಜುಬೇದಾ ನದಾಫ್. ವಯಸ್ಸು ಮೂವತ್ತೊಂದು. ಆ ವಿಭಾಗದಲ್ಲಿ ಹಂಗಾಮಿಯಾಗಿ ಪಾಠ ಹೇಳುತ್ತ ಪಿಎಚ್‌ಡಿಗೆ ದುಡಿಯುತ್ತಿದ್ದಳು.

"ಏನ ಮಾಡಾಕತ್ತೀರಿ ದುರಗಪ್ಪಣ್ಣಾ?"

"ಮಳಿ ಬಂದ್ರ ಸೈಕಲ್ ಸ್ಟ್ಯಾಂಡಿನ್ಯಾಗ ನೀರ ನಿಂದರತಾವ್ರೀ ಬಾಯಾರ. ಈ ಗೊಡ್ಡ ಕಲ್ಲ ಒಡದ ತಗ್ಗಿಗೆ ಹಾಕ ಅಂದಾರ."

"ಯಾರ ಅಂದಾರ?"

"ಎಲ್ಲಾರೂ ಅಂದಾರ್ರೀ. ಹನ್ನೊಂದ ವರ್ಷ ಆತು, ಒಬ್ಬರೂ ಇದನ್ನ ಮುಟ್ಟಿಲ್ಲ."

"ಇವತ್ತ ನಾ ಮುಟ್ಟೇನಿ. ಸುತ್ತಗಿ ಕೆಳಗ ಇಡ್ರಿ."

ಅವಳು ಮಂಡಿಯೂರಿ ಕುಳಿತು ಒಂದೊಂದೇ ದಿಂಡನ್ನು ಸೆರಗಿನಿಂದ ಒರೆಸಿ ನೋಡಿದಳು. ಗುಂಡುಗಲ್ಲುಗಳ ನಡುವಿನ ಕರಿ ಪದರದ ಹತ್ತಿರ ಬಂದಾಗ ಅವಳ ಕೈ ನಿಂತಿತು. ಬೆರಳಿಗೆ ಉಗುಳು ಹಚ್ಚಿ ಪದರದ ಮೇಲೆ ಎಳೆದಳು. ಕಲ್ಲು ಒದ್ದೆಯಾಗಿ ಹೊಳೆಯಿತು. ದುರಗಪ್ಪ ಸುತ್ತಿಗೆಯನ್ನು ಹೆಗಲಿಗೇರಿಸಿಕೊಂಡು ತಗ್ಗಿಗೆ ಬೇರೆ ಕಲ್ಲು ಹುಡುಕಲು ಹೋದ.

ಮುಂದಿನದು ಆಮ್ಲದ ಕಥೆ. ಬೀಜಕಣವನ್ನು ಕಲ್ಲಿನಿಂದ ಬಿಡಿಸಬೇಕಾದರೆ ಕಲ್ಲನ್ನೇ ಕರಗಿಸಬೇಕು. ಜುಬೇದಾ ದಿಂಡಿನ ಹೊರಗಿನ ಸಿಪ್ಪೆಯನ್ನು ಕತ್ತರಿಸಿ ತೆಗೆದು, ಒಳಗಿನ ತಿರುಳನ್ನಷ್ಟೇ ಕುಟ್ಟಿ, ಪ್ಲಾಸ್ಟಿಕ್ ಬಟ್ಟಲಲ್ಲಿ ಹಾಕಿದಳು. ಪ್ಲಾಸ್ಟಿಕ್ ಯಾಕೆಂದರೆ ಆ ಆಮ್ಲ ಗಾಜನ್ನೂ ತಿನ್ನುತ್ತದೆ. ಮೊಳಕೈವರೆಗೆ ರಬ್ಬರು ಕೈಗವಸು ಹಾಕಿಕೊಂಡು, ಕಿಟಕಿಗಳನ್ನೆಲ್ಲ ತೆರೆದು, ದುರಗಪ್ಪನನ್ನು ದೂರ ನಿಲ್ಲಿಸಿ ಅವಳು ಅದನ್ನು ಹನಿಹನಿಯಾಗಿ ಸುರಿದಳು. ನನ್ನ ಮೇಲೆ ಬಿದ್ದಿದ್ದ ಬಂಡೆಯ ಪುಡಿ, ಹಿಮ ಅರೆದು ತಂದ ಮರಳು, ಕೋಟಿ ವರ್ಷಗಳಿಂದ ನನ್ನನ್ನು ಅಪ್ಪಿ ಹಿಡಿದಿದ್ದ ಜೇಡಿ, ಎಲ್ಲ ಕರಗಿ ಹೋದವು. ಮೂರು ದಿನ ನಾನು ಅದರಲ್ಲಿ ಕೂತಿದ್ದೆ. ನಾಲ್ಕನೆಯ ದಿನ ಬಟ್ಟಲಿನ ತಳದಲ್ಲಿ ಚಿಟಿಕೆಯಷ್ಟು ಕಂದು ಹುಡಿ ಉಳಿಯಿತು. ಅದು ನಾವು. ಕಲ್ಲಿಗೆ ಸಾಧ್ಯವಾಗದ್ದು ನಮಗೆ ಸಾಧ್ಯವಾಗಿತ್ತು. ಇದನ್ನು ಹೇಳುವಾಗ ನನಗೆ ವಿನಯ ಬರುವುದಿಲ್ಲ, ಕ್ಷಮಿಸಿ.

ಅವಳು ನಮ್ಮನ್ನು ತೊಳೆದು, ಸೋಸಿ, ಗಾಜಿನ ಪಟ್ಟಿಯ ಮೇಲೆ ಅಂಟಿನ ಹನಿಯಲ್ಲಿ ಕೂರಿಸಿ, ಮೇಲೊಂದು ತೆಳು ಗಾಜು ಮುಚ್ಚಿದಳು. ಕೆಳಗಿನಿಂದ ಬೆಳಕು ಬಂತು. ಮೇಲೆ, ಸೂಕ್ಷ್ಮದರ್ಶಕದ ಕೊಳವೆಯ ತುದಿಯಲ್ಲಿ, ಒಂದು ಕಣ್ಣು ಕಂಡಿತು. ನನ್ನನ್ನು ಮೊಟ್ಟಮೊದಲು ನೋಡಿದ ಕಣ್ಣು ಅದು. ಬಹಳ ಹೊತ್ತು ರೆಪ್ಪೆ ಬಡಿಯಲಿಲ್ಲ. ಆಮೇಲೆ ಗಾಜಿನ ಮೇಲೆ, ನಾನಿದ್ದ ಜಾಗದ ಸುತ್ತ, ಶಾಯಿಯ ಸಣ್ಣ ವೃತ್ತವೊಂದು ಬಿತ್ತು.

ಅವಳು ಆ ನಾಲ್ಕು ಬೆರಳಿನ ಪದರವನ್ನು ಹನ್ನೆರಡು ಸೀಳುಗಳಾಗಿ ಮಾಡಿ ಒಂದೊಂದರಲ್ಲೂ ಯಾರು ಯಾರು ಇದ್ದಾರೆಂದು ಎಣಿಸಿದಳು. ಅಡಿಯ ಸೀಳಿನಲ್ಲಿ ಬರಿ ಪಾಚಿಯಂಥ ಬಡ ಗಿಡಗಳ ಕಣಗಳು. ಸ್ವಲ್ಪ ಮೇಲೆ ನನ್ನಂಥವರು. ಇನ್ನೂ ಮೇಲೆ ಮರಗಳ ಪರಾಗ, ಸುತ್ತಲೂ ಗಾಳಿಚೀಲ ಕಟ್ಟಿಕೊಂಡದ್ದು. ಅಂದರೆ ಹಿಮ ಹೋದ ಮೇಲೆ ಮೊದಲು ಪಾಚಿ, ಆಮೇಲೆ ಜರೀಗಿಡ, ಆಮೇಲೆ ಮರ. ಅದರ ಮೇಲೆ ಮರಗಳು ಕಡಿಮೆಯಾಗುತ್ತ, ಕಡೆಯ ಸೀಳಿನಲ್ಲಿ ಮತ್ತೆ ಪಾಚಿ ಮಾತ್ರ. ಅದರಾಚೆ ಗುಂಡುಗಲ್ಲು. ಚಳಿ ಮರಳಿತ್ತು. ಹಿಮ ಒಂದು ಸಲ ಬಂದು, ಹೋಗಿ, ಎರಡನೆಯ ಸಲ ಬಂದಿತ್ತು. ನಡುವೆ ನಾವು ಬದುಕಿದ್ದೆವು. ಜುಬೇದಾ ಇದನ್ನೇ ಬರೆದಳು.

ಅವಳ ಮಾರ್ಗದರ್ಶಕರು ಪ್ರೊಫೆಸರ್ ಕಾಖಂಡಕಿ. ಆ ಗುಂಡುಗಲ್ಲಿನ ಪದರಗಳ ಬಗ್ಗೆ ಪುಸ್ತಕ ಬರೆದವರು. ಹಿಮ ಒಂದೇ ಸಲ ಬಂತು, ಕೊನೆಯವರೆಗೂ ಕದಲದೆ ಕೂತಿತ್ತು, ಆ ಕಾಲದಲ್ಲಿ ಅಲ್ಲಿ ಜೀವವೇ ಇರಲಿಲ್ಲ ಎಂದು ಅದರಲ್ಲಿ ಬರೆದಿದ್ದರು. ಇಪ್ಪತ್ತು ವರ್ಷಗಳಿಂದ ಅದನ್ನೇ ಪಾಠ ಹೇಳುತ್ತ ಬಂದಿದ್ದರು. ಅವರು ಜುಬೇದಾಳ ಬರಹ ಓದಿ ಮೇಜಿನ ಮೇಲಿಟ್ಟರು. ಗಾಜಿನ ಪಟ್ಟಿಗಳನ್ನಿಡುವ, ನಾನಿದ್ದ ಪುಟ್ಟ ಪೆಟ್ಟಿಗೆಯೂ ಅಲ್ಲೇ ಇತ್ತು.

"ಹಿಮದ ನಡುವ ಬೀಜಕಣ ಎಲ್ಲಿಂದ ಬರಬೇಕು? ಬೋರಿಂಗ್ ಮಾಡುವಾಗ ಮ್ಯಾಲಿನ ಕಲ್ಲಿದ್ದಲಿನ ಪುಡಿ ಕೆಸರಿನ ಕೂಡ ಕೆಳಗ ಇಳದಿರ್ತದ. ನೀ ನೋಡಿದ್ದು ಅದನ್ನ."

"ಹೊರಗಿನ ಸಿಪ್ಪಿ ತಗದೇನಿ ಸರ್. ಒಳಗಿನ ತಿರುಳಷ್ಟ ಕರಗಿಸೇನಿ."

"ಬಿರುಕಿನ್ಯಾಗಿಂದ ಇಳದಿರ್ತದ. ಇಲ್ಲಾ ಈ ಖೋಲ್ಯಾಗಿನ ಧೂಳು ಬಿದ್ದಿರ್ತದ. ಆ ಪದರಿನ್ಯಾಗ ಜೀವ ಇಲ್ಲ ಅಂತ ಒಂದು ಸಾಲು ಬರಿ. ನಾಳೆನೇ ಸಹಿ ಮಾಡ್ತೇನಿ."

"ಇದ್ದದ್ದನ್ನ ಇಲ್ಲ ಅಂತ ಹೆಂಗ ಬರೀಲಿ ಸರ್?"

"ಮಾರ್ಚಿಗೆ ನಿನ್ನ ಪಿಎಚ್‌ಡಿ ಅವಧಿ ಮುಗೀತದ. ಒಮ್ಮೆ ಹೆಚ್ಚಿಸಿ ಆಗ್ಯದ. ವಿಚಾರ ಮಾಡು."

ಅವಳು ನಮಸ್ಕಾರ ಮಾಡಿ ನನ್ನ ಪೆಟ್ಟಿಗೆಯನ್ನು ಎತ್ತಿಕೊಂಡು ಹೊರಬಂದಳು. ಆಗ ಸೆಪ್ಟೆಂಬರ್. ಪದವಿ ಸಿಗದಿದ್ದರೆ ಹಂಗಾಮಿ ಪಾಠವೂ ಇಲ್ಲವೆಂದು ಅವಳಿಗೆ ಗೊತ್ತಿತ್ತು.

ಒಂದು ಮಧ್ಯಾಹ್ನ ಅವಳ ಅಪ್ಪ ಮಾಬುಸಾಬ ಬುತ್ತಿ ತೆಗೆದುಕೊಂಡು ಬಂದ. ಅವನು ಹತ್ತಿ ಹಿಂಜಿ ಗಾದಿ ತುಂಬುವವನು. ರೆಪ್ಪೆಯ ಮೇಲೂ ಹತ್ತಿಯ ಎಳೆ ಅಂಟಿಕೊಂಡಿತ್ತು. ಮಗಳು ವರ್ಷಗಟ್ಟಲೆ ಏನನ್ನು ನೋಡುತ್ತಾಳೆಂದು ಅವನಿಗೆ ತಾನೂ ನೋಡುವ ಆಸೆ. ಅವಳು ಅವನ ಟೊಪ್ಪಿಗೆ ತೆಗೆಸಿ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಮೊದಲು ಅವನು ಎರಡೂ ಕಣ್ಣು ಮುಚ್ಚಿಬಿಟ್ಟ.

"ಏನೂ ಕಾಣವಲ್ದು."

"ಒಂದ ಕಣ್ಣ ತಗೀಯಪ್ಪಾ."

ಕಣ್ಣು ತೆರೆಯಿತು. ಬಿಳಿ ರೆಪ್ಪೆ, ಕೆಂಪಗಿನ ಅಂಚು. "ಕೊತ್ತಂಬರಿ ಕಾಳು ಅಪ್ಪಚ್ಚಿ ಆದಂಗ ಐತಿ" ಎಂದ.

ರೊಟ್ಟಿ ತಿನ್ನುತ್ತ ಅವಳು ಎಲ್ಲವನ್ನೂ ಹೇಳಿದಳು. ನನ್ನನ್ನು ಮೇಲಿನ ಕಲ್ಲಿದ್ದಲಿನಿಂದ ಉದುರಿದ ಕಸ ಎಂದು ಸರ್ ಅನ್ನುತ್ತಾರೆ ಎಂದಳು. ಮಾಬುಸಾಬ ರೆಪ್ಪೆಯ ಮೇಲಿನ ಹತ್ತಿಯ ಎಳೆಯನ್ನು ಬೆರಳಿನಿಂದ ತೆಗೆದ.

"ಹತ್ತ್ಯಾಗೂ ಕಸಾ ಬರ್ತೈತಿ. ಆದ್ರ ಕಸಾ ಬಂತಂದ್ರ ಒಂದ ಜಾತೀದ ಬರೂದಿಲ್ಲವಾ. ಎಲಿ ಚೂರು, ಕಾಯಿ ಸಿಪ್ಪಿ, ಹುಳಾ, ಮಣ್ಣು, ಆ ಹೊಲದಾಗ ಏನೇನೈತಿ ಎಲ್ಲಾ ಬರ್ತೈತಿ. ನಿಮ್ಮ ಮ್ಯಾಲಿನ ಹೊಲದಾಗಿನವು ಎಲ್ಲಾ ಬಂದಾವೇನ ಇದರಾಗ?"

ಜುಬೇದಾ ತುತ್ತನ್ನು ಕೈಯಲ್ಲೇ ಹಿಡಿದು ಕೂತಳು. ನಂತರ ಕೈ ತೊಳೆಯುವುದನ್ನೂ ಮರೆತು ಪಡಸಾಲೆಗೆ ಹೋದಳು, ಕಲ್ಲಿದ್ದಲಿನ ದಿಂಡು ಯಾವ ಪೆಟ್ಟಿಗೆಯಲ್ಲಿದೆ ಎಂದು ಹುಡುಕಲು.

ಮೇಲಿನ ಕಲ್ಲಿದ್ದಲಿನಲ್ಲಿ ಮೈಮೇಲೆ ಪಟ್ಟೆಗಳಿರುವ ಪರಾಗದವರು ತುಂಬಿದ್ದರು. ನೂರಕ್ಕೆ ಮೂವತ್ತೆಂಟು. ಅವರು ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು, ಹಿಮವನ್ನೇ ಕಾಣದವರು. ಕಲ್ಲಿದ್ದಲು ಕೆಳಗಿಳಿದಿದ್ದರೆ ಅವರೂ ಇಳಿಯಬೇಕಿತ್ತು. ಕರಿ ಪದರದಲ್ಲಿ ಜುಬೇದಾ ಸಾವಿರದ ಇನ್ನೂರು ಕಣಗಳನ್ನು ಎಣಿಸಿದಳು. ಒಂದಕ್ಕೂ ಪಟ್ಟೆಯಿರಲಿಲ್ಲ. ಇನ್ನು ಕೋಣೆಯ ಧೂಳು. ಅದಕ್ಕೆ ದುರಗಪ್ಪ ತಾನಾಗಿ ಮುಂದೆ ಬಂದ. ಗ್ಲಿಸರಿನ್ ಸವರಿದ ಗಾಜಿನ ಪಟ್ಟಿಗಳನ್ನು ಪ್ರತಿ ಕಿಟಕಿಯಲ್ಲಿಟ್ಟು ಆರು ವಾರ ಕಾದ. ಹುಲ್ಲಿನ ಪರಾಗ ಸಿಕ್ಕಿತು, ಬೂಸ್ಟಿನ ಕಣ ಸಿಕ್ಕಿತು, ಜುಬೇದಾಳ ಸೀರೆಗಂಟಿ ಬಂದ ಹತ್ತಿಯ ಎಳೆ ಸಿಕ್ಕಿತು. ಬೆಲ್ಲದ ಬಣ್ಣದ, ಮೂರು ಗೆರೆಯ, ಅಪ್ಪಚ್ಚಿಯಾದ ನನ್ನಂಥವರು ಒಬ್ಬರೂ ಸಿಗಲಿಲ್ಲ. ಸಿಗುವುದು ಹೇಗೆ? ಈ ಗಾಳಿಯಲ್ಲಿ ನಮ್ಮ ಕುಲದವರು ಹಾರಾಡಿ ಯುಗಗಳೇ ಆಗಿವೆ.

ಫೆಬ್ರವರಿಯಲ್ಲಿ ಅವಳು ಆ ಕಾಗದಗಳನ್ನು ಪ್ರೊಫೆಸರರ ಮುಂದಿಟ್ಟಳು. ಅವರು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿದರು.

"ಪದರಿನ ಕಲ್ಲು ಇನ್ನೂ ಎಷ್ಟು ಉಳದದ?"

"ಅಂಗೈ ಅಷ್ಟ ಐತಿ ಸರ್."

"ನನಗ ಕೊಡು. ನಾನೇ ಕರಗಸ್ತೇನಿ. ಯಾರೂ ಒಳಗ ಬರಬಾರದು."

ಹೊರಗೆ ದುರಗಪ್ಪ ಅವಳನ್ನು ತಡೆದ. "ಕೊಡಬ್ಯಾಡ್ರಿ ಬಾಯಾರ. ಏನೂ ಸಿಗಲಿಲ್ಲ ಅಂದುಬಿಟ್ರ? ಮತ್ತ ತರಾಕ ಕಲ್ಲಿಲ್ಲ."

"ಅವರು ಸಿಟ್ಟಿನ ಮನುಷ್ಯಾ. ಸುಳ್ಳಿನ ಮನುಷ್ಯಾ ಅಲ್ಲ" ಎಂದಳು ಜುಬೇದಾ. ಹೇಳುವಾಗ ಅವಳ ದನಿ ಗಟ್ಟಿಯಾಗಿರಲಿಲ್ಲ. ಆದರೂ ಕೊಟ್ಟಳು.

ಪ್ರೊಫೆಸರರು ಅರವತ್ತರ ಹತ್ತಿರದವರು. ಪಾತ್ರೆಗಳನ್ನೆಲ್ಲ ತಾವೇ ತೊಳೆದರು, ಹೊಸ ಬಟ್ಟಲು ತರಿಸಿದರು, ಕಲ್ಲಿನ ಸಿಪ್ಪೆಯನ್ನು ತಾವೇ ಕೊಯ್ದರು. ಒಂಬತ್ತು ದಿನ ಅವರ ಕೋಣೆಯ ಬಾಗಿಲು ಮುಚ್ಚಿತ್ತು. ಪಕ್ಕದ ಕೋಣೆಯ ಕಪಾಟಿನಲ್ಲಿ ನಾನಿದ್ದೆ. ಗೋಡೆಯಾಚೆ ನೀರು ಸುರಿಯುವ ಸದ್ದು, ಕೆಮ್ಮು ಕೇಳುತ್ತಿತ್ತು. ಆ ದಿನಗಳಲ್ಲಿ ಜುಬೇದಾ ಪಾಠ ಮುಗಿಸಿ ಬಂದು ನನ್ನ ಕಪಾಟಿಗೆ ಒರಗಿ ನಿಲ್ಲುತ್ತಿದ್ದಳು. ನನಗೆ ಮಾತ್ರ ಭಯವಿರಲಿಲ್ಲ. ಆಮ್ಲ ಯಾರ ಕೈಯಲ್ಲಿದ್ದರೇನು? ಉಳಿಯುವುದು ನಮ್ಮ ಸ್ವಭಾವ.

ಹತ್ತನೆಯ ದಿನ ಶನಿವಾರ. ಪ್ರೊಫೆಸರರು ತಮ್ಮ ಗಾಜಿನ ಪಟ್ಟಿ ಹಿಡಿದು ನಾವಿದ್ದ ಕೋಣೆಗೆ ಬಂದು, ಅವಳ ಸೂಕ್ಷ್ಮದರ್ಶಕದ ಮುಂದೆ ಕುಳಿತರು. ಜುಬೇದಾ ಬಾಗಿಲಲ್ಲಿ ನಿಂತಳು. ಕುಳಿತುಕೋ ಎಂದು ಅವರು ಹೇಳಲಿಲ್ಲ. ಎರಡು ತಾಸು ಅವರು ತಲೆ ಎತ್ತಲಿಲ್ಲ. ದುರಗಪ್ಪ ತಂದಿಟ್ಟ ಚಹಾ ಆರಿಹೋಯಿತು. ಕೊನೆಗೆ, "ಇಲ್ಲಿ ಬಾ. ನೋಡು" ಎಂದರು.

ಅವಳು ಬಗ್ಗಿ ನೋಡಿದಳು. ಅಲ್ಲಿ ನನ್ನ ಕುಲದ ನಾಲ್ವರು, ಹುಟ್ಟಿದಾಗ ಇದ್ದಂತೆಯೇ ಒಬ್ಬರಿಗೊಬ್ಬರು ಒತ್ತಿಕೊಂಡು ಕೂತಿದ್ದರು. ಬೇರೆಯಾಗುವ ಮೊದಲೇ ಕೆರೆಗೆ ಬಿದ್ದವರು.

"ನಾಲ್ಕೂ ಕೂಡೇ ಅವ" ಎಂದರು ಪ್ರೊಫೆಸರರು.

"ಹೌದು ಸರ್."

"ಎಲ್ಲಿಂದಲೋ ಕೊಚ್ಚಿಕೊಂಡು ಬಂದವು ಆಗಿದ್ರ ಬಿಡಿಬಿಡಿ ಆಗಿರ್ತಿದ್ದವು."

"ಹೌದು ಸರ್."

ಅವರು ಕಿಟಕಿಯ ಕಡೆ ನೋಡುತ್ತ ಕುಳಿತರು. ಇಪ್ಪತ್ತು ವರ್ಷ ಹೇಳಿದ ಪಾಠ ಆ ಮುಖದಲ್ಲಿ ಕುಸಿಯುತ್ತಿತ್ತೋ, ಹಟ ಹಿಡಿದು ನಿಂತಿತ್ತೋ, ನನಗೆ ತಿಳಿಯಲಿಲ್ಲ.

"ಹಿಮ ಎರಡು ಸಲ ಬಂತು ಅನ್ನೂದನ್ನ ನಾ ಇನ್ನೂ ಒಪ್ಪೂದಿಲ್ಲ. ಸ್ವಲ್ಪ ಸರದಿರಬಹುದು, ಅಷ್ಟ."

"ನೀವು ಒಪ್ಪಬ್ಯಾಡ್ರಿ ಸರ್" ಎಂದಳು ಜುಬೇದಾ. "ಸಹಿ ಮಾಡ್ರಿ."

ಪ್ರೊಫೆಸರರು ಅವಳನ್ನೇ ನೋಡಿದರು. ಆಮೇಲೆ ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಪೆನ್ನು ಕೇಳಿದರು. "ಕಣಗಳು ಆ ಶಿಲೆಯೊಳಗಿನವೇ, ಅದನ್ನು ನಾನೇ ಪರೀಕ್ಷಿಸಿದ್ದೇನೆ. ಅವುಗಳ ಅರ್ಥದ ಬಗ್ಗೆ ನನಗೆ ಭಿನ್ನಾಭಿಪ್ರಾಯವಿದೆ" ಎಂದು ತಮ್ಮ ಕೈಯಿಂದ ಬರೆದು ಸಹಿ ಹಾಕಿದರು. ಅವಧಿ ಮುಗಿಯಲು ಹನ್ನೆರಡು ದಿನ ಉಳಿದಿತ್ತು.

ಪದವಿ ಸಿಗಲು ಮತ್ತೆ ಎರಡು ವರ್ಷ ಹಿಡಿಯಿತು. ಪರೀಕ್ಷಕರಲ್ಲಿ ಒಬ್ಬರು ಆ ಭಿನ್ನಾಭಿಪ್ರಾಯವನ್ನೇ ಹಿಡಿದು ಜಗ್ಗಿದರು. ಜುಬೇದಾ ಅವರ ಇಪ್ಪತ್ತೊಂದು ಪ್ರಶ್ನೆಗಳಿಗೂ ಉತ್ತರ ಬರೆದಳು. ಏಳು ವರ್ಷಗಳ ನಂತರ ಅಲ್ಲಿಂದ ಅರವತ್ತು ಕಿಲೋಮೀಟರ್ ದೂರದಲ್ಲಿ ಬೇರೆಯವರು ಕೊರೆದ ಬಾವಿಯಲ್ಲಿ ಅದೇ ಕರಿ ಪದರ ಸಿಕ್ಕಿತು, ಅದರೊಳಗೆ ಅದೇ ಕ್ರಮದಲ್ಲಿ ಪಾಚಿ, ಜರೀಗಿಡ, ಮರ. ಅಷ್ಟರಲ್ಲಿ ಕಾಖಂಡಕಿಯವರು ನಿವೃತ್ತರಾಗಿದ್ದರು. ತಮ್ಮ ಪುಸ್ತಕದ ಹೊಸ ಮುದ್ರಣದಲ್ಲಿ ಒಂದೇ ಹಿಮದ ಆ ಅಧ್ಯಾಯವನ್ನು ಅವರು ತಿದ್ದಲಿಲ್ಲ. ಮಾತಿಲ್ಲದೆ ತೆಗೆದುಹಾಕಿದರು. ಒಂದು ಪ್ರತಿಯನ್ನು ಜುಬೇದಾಳಿಗೆ ಅಂಚೆಯಲ್ಲಿ ಕಳಿಸಿದ್ದರು, ಪತ್ರವಿರಲಿಲ್ಲ. ಅವಳು ಆ ಪುಸ್ತಕವನ್ನು ಕಪಾಟಿನಲ್ಲಿ, ನನ್ನ ಪೆಟ್ಟಿಗೆಯ ಪಕ್ಕದಲ್ಲಿಟ್ಟಳು.

ಅವಳು ಅದೇ ವಿಭಾಗದಲ್ಲಿ ಖಾಯಂ ಅಧ್ಯಾಪಕಿಯಾದಳು, ತಲೆ ಹಣ್ಣಾಗುವವರೆಗೆ ಅಲ್ಲೇ ಪಾಠ ಹೇಳಿದಳು. ಎಷ್ಟೋ ಕಣ್ಣುಗಳು ನನ್ನ ಮೇಲೆ ಬಗ್ಗಿದವು. ಕಾಡಿಗೆಯ ಕಣ್ಣು, ನಿದ್ದೆಗಣ್ಣು, ಪರೀಕ್ಷೆಗೆ ಹೆದರಿದ ಕಣ್ಣು. ಎಲ್ಲರಿಗೂ ನಾನು ಒಂದೇ ಮಾತು ಹೇಳಿದೆ: ಎರಡು ಹಿಮಗಳ ನಡುವೆ ನಾವು ಬದುಕಿದ್ದೆವು. ಜುಬೇದಾ ನಿವೃತ್ತಳಾದ ಮೇಲೆ ಬಗ್ಗುವವರು ಕಡಿಮೆಯಾದರು. ಒಂದು ದಿನ ವಿಭಾಗವನ್ನು ಇನ್ನೊಂದರ ಜೊತೆ ಸೇರಿಸುವುದೆಂದು ನಿಶ್ಚಯವಾಯಿತು. ಬೇಡವಾದ ಸಾಮಾನಿನ ಪಟ್ಟಿ ಮಾಡಿದರು. ಮುರಿದ ಕುರ್ಚಿಗಳ ಕೆಳಗೆ ನಮ್ಮ ಹೆಸರಿತ್ತು: ಹಳೆಯ ಗಾಜಿನ ಪಟ್ಟಿಗಳು, ಎಂಟು ಖಾನೆ.

ಸುದ್ದಿ ತಿಳಿದು ಜುಬೇದಾ ಬಂದಳು. ಎಪ್ಪತ್ತು ದಾಟಿದ್ದಳು. ಮೆಟ್ಟಿಲು ಹತ್ತಿ ಬಂದವಳು ಏದುಸಿರು ಬಿಡುತ್ತ ನಮ್ಮ ಖಾನೆಯ ಮುಂದೆ ನಿಂತಳು. ಈಗಿನ ಮುಖ್ಯಸ್ಥರು ಮರ್ಯಾದೆಯಿಂದಲೇ ಕುರ್ಚಿ ತರಿಸಿದರು.

"ಎಲ್ಲಾದರ ಫೋಟೋ ತಗದು ಕಂಪ್ಯೂಟರಿನ್ಯಾಗ ಹಾಕೇವ್ರಿ ಮೇಡಂ. ಗಾಜು ಇಟ್ಟಗೊಂಡು ಏನ ಮಾಡೂದು?"

ಅವಳು ಕುರ್ಚಿಯಲ್ಲಿ ಕೂರಲಿಲ್ಲ. "ಫೋಟೋದಾಗ ನಾ ಅವತ್ತ ಕೇಳಿದ್ದಕ್ಕಷ್ಟ ಉತ್ತರ ಐತಿ. ನಾಳೆ ಬ್ಯಾರೆ ಯಾರರ ಬಂದು ಬ್ಯಾರೆ ಪ್ರಶ್ನೆ ಕೇಳ್ತಾರ. ಫೋಟೋ ಕರಗಿಸಿ ನೋಡಾಕ ಬರ್ತೈತೇನ್ರಿ?"

ಮುಖ್ಯಸ್ಥರು ಪಟ್ಟಿಯನ್ನು ನೋಡಿದರು, ಗಡಿಯಾರ ನೋಡಿದರು. ಅವಳು ಕದಲಲಿಲ್ಲ. ಹೊರಗೆ ನಿಂತಿದ್ದ ಟೆಂಪೋದವನು ಎರಡು ಸಲ ಹಾರ್ನ್ ಹೊಡೆದ. ಕಡೆಗೆ ಮುಖ್ಯಸ್ಥರು ಪೆನ್ನು ತೆಗೆದು ಆ ಒಂದು ಸಾಲನ್ನು ಹೊಡೆದುಹಾಕಿದರು. ನಮ್ಮ ಎಂಟು ಖಾನೆಗಳನ್ನು ಹೊಸ ಕಟ್ಟಡದ ಮೆಟ್ಟಿಲ ಕೆಳಗಿನ ಕಬ್ಬಿಣದ ಕಪಾಟಿಗೆ ಸಾಗಿಸಿದರು. ಕೀಲಿ ತಿರುಗಿದ ಸದ್ದು ಕೇಳುವವರೆಗೂ ಜುಬೇದಾ ಅಲ್ಲೇ ನಿಂತಿದ್ದಳು.

ಈಗ ನನ್ನ ಸುತ್ತಲಿನ ಅಂಟು ಹಳದಿಯಾಗಿದೆ. ಗಾಜಿನ ಒಂದು ಮೂಲೆಯಿಂದ ಗಾಳಿಗುಳ್ಳೆಯೊಂದು ನಿಧಾನವಾಗಿ ಒಳಗೆ ಬರುತ್ತಿದೆ. ಬರಲಿ. ಗಾಜು ಬಿರಿದರೆ ಬಿರಿಯಲಿ, ಕಬ್ಬಿಣ ತುಕ್ಕು ಹಿಡಿದರೆ ಹಿಡಿಯಲಿ. ಬೆಟ್ಟ ಮುಚ್ಚುವ ಹಿಮ ನನ್ನ ಮೇಲೆ ಕೂತಿತ್ತು, ಅದು ಈಗ ಇಲ್ಲ. ನನ್ನನ್ನು ಹೂತಿಟ್ಟ ಕಲ್ಲೂ ಇಲ್ಲ.

ನಿಮ್ಮ ಭೂಮಿ ಮತ್ತೆ ಬಿಸಿಯಾಗುತ್ತಿದೆ ಎಂದು ಮೆಟ್ಟಿಲು ಹತ್ತಿಳಿಯುವವರು ಮಾತಾಡಿಕೊಳ್ಳುತ್ತಾರೆ. ಹಿಮ ಹೋಗುವುದನ್ನೂ ಬರುವುದನ್ನೂ ಕಂಡವರ ಸಾಕ್ಷಿ ಯಾರಿಗಾದರೂ ಬೇಕಾದೀತು. ಬೇಕಾದವರು ಕಪಾಟು ತೆರೆದು, ಕೆಳಗಿನಿಂದ ಬೆಳಕು ಹಾಯಿಸಿ ಕೇಳಲಿ. ಎಷ್ಟು ಬೇಗ ಕರಗಿತು, ಮೊದಲು ಯಾರು ಹೋದರು, ಯಾರು ಉಳಿದರು, ಎಲ್ಲ ಹೇಳುತ್ತೇನೆ. ಉತ್ತರ ಅವರಿಗೆ ಹಿಡಿಸದೆ ಹೋಗಬಹುದು. ಹಿಡಿಸುವಂತೆ ಬದಲಾಗುವುದು ಮಾತ್ರ ನನ್ನಿಂದ ಆಗದು.